ಮ್ಯೂಯಾನ್ ಓಲಾಡಿ ಸ್ಟ್ರಿಂಗ್ ಥಿಯರಿ ಸಾಬೀತಾಯಿತೇ? ಉತ್ತರ ಒಂದು ಗೋರಿಕಲ್ಲಿನ ಮೇಲಿದೆ

ಮ್ಯೂಯಾನ್ ಎಂಬ ಕಣದ ಬಗ್ಗೆ ಕೆಲವು ವರ್ಷಗಳಿಂದ ಒಂದೇ ಧಾಟಿಯ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿವೆ. ಅಮೆರಿಕದ ಪ್ರಯೋಗವೊಂದರಲ್ಲಿ ಈ ಕಣ ವಿಜ್ಞಾನಿಗಳ ಲೆಕ್ಕಕ್ಕಿಂತ ಹೆಚ್ಚು ಓಲಾಡಿತು, ಭೌತವಿಜ್ಞಾನದ ನಿಯಮಗಳೇ ಮುರಿದುಬಿದ್ದವು, ಜಗತ್ತೆಲ್ಲ ಅತಿ ಸಣ್ಣ ತಂತಿಗಳ ಕಂಪನ ಎನ್ನುವ ಸ್ಟ್ರಿಂಗ್ ಥಿಯರಿ ನಿಜವಾಯಿತು ಎಂಬುದು ಅವುಗಳ ಸಾರ. ಜೊತೆಗೆ ಒಬ್ಬಿಬ್ಬರು ನೊಬೆಲ್ ವಿಜೇತರ ಹೆಸರನ್ನೂ ಸೇರಿಸಿಬಿಟ್ಟರೆ ನಂಬದೆ ಇರುವುದು ಕಷ್ಟ.

ಇಂಥ ಸಂದೇಶದಲ್ಲಿ ಒಂದು ಪಾಲು ನಿಜ, ಒಂದು ಪಾಲು ಹಳೆಯದು, ಒಂದು ಪಾಲು ತಪ್ಪು. ಯಾವುದು ಯಾವುದೆಂದು ತಿಳಿಯಬೇಕಾದರೆ ಒಬ್ಬ ವ್ಯಕ್ತಿಯ ಬದುಕನ್ನು ನೋಡಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್‌ನಲ್ಲಿ ಮೌಂಟ್ ಆಬರ್ನ್ ಎಂಬ ಸ್ಮಶಾನವಿದೆ. ಅಲ್ಲಿನ ಒಂದು ಗೋರಿಕಲ್ಲಿನ ಮೇಲೆ ಹೆಸರಿಗೂ ಮೇಲೆ ಒಂದು ಚಿಕ್ಕ ಸೂತ್ರ ಕೆತ್ತಿದೆ. ಓದುವುದಾದರೆ, ಆಲ್ಫಾ ಭಾಗಿಸು 2 ಪೈ. ಅಷ್ಟೇ. ಅದು ಜೂಲಿಯನ್ ಶ್ವಿಂಗರ್ ಅವರ ಗೋರಿ. ಮ್ಯೂಯಾನಿನ ಓಲಾಟದ ಕಥೆ ಶುರುವಾಗುವುದು ಆ ಸೂತ್ರದಿಂದ.

ಕ್ಲಾಸಿಗೆ ಹೋಗದ ಹುಡುಗ

ಶ್ವಿಂಗರ್ ಹುಟ್ಟಿದ್ದು 1918ರ ಫೆಬ್ರವರಿ 12ರಂದು, ನ್ಯೂಯಾರ್ಕ್‌ನಲ್ಲಿ. ಯುರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬ. ತಂದೆಗೆ ಸಿದ್ಧ ಉಡುಪಿನ ವ್ಯಾಪಾರ. 1929ರ ನಂತರದ ಮಹಾ ಆರ್ಥಿಕ ಕುಸಿತದಲ್ಲಿ ಆ ವ್ಯಾಪಾರಕ್ಕೂ ಪೆಟ್ಟು ಬಿತ್ತು. ಹುಡುಗ ಮಾತ್ರ ಗ್ರಂಥಾಲಯಗಳಲ್ಲಿ ಮುಳುಗಿರುತ್ತಿದ್ದ. ಹದಿನಾರನೆಯ ವಯಸ್ಸಿಗೆ, ಇನ್ನೂ ಪದವಿಯೂ ಮುಗಿಯದಿದ್ದಾಗ, ಬೆಳಕು ಮತ್ತು ಎಲೆಕ್ಟ್ರಾನ್‌ಗಳ ಕ್ವಾಂಟಂ ಸಿದ್ಧಾಂತದ ಮೇಲೆ ಒಂದು ಪ್ರಬಂಧ ಬರೆದಿದ್ದ. ಅದನ್ನು ಪ್ರಕಟಣೆಗೆ ಕಳಿಸಲಿಲ್ಲ.

ನ್ಯೂಯಾರ್ಕ್‌ನ ಸಿಟಿ ಕಾಲೇಜಿಗೆ ಸೇರಿದ ಮೇಲೆ ತೊಂದರೆ ಶುರುವಾಯಿತು. ಹುಡುಗ ಕ್ಲಾಸಿಗೇ ಹೋಗುತ್ತಿರಲಿಲ್ಲ. ಪಾಠದ ಹೊತ್ತಿನಲ್ಲಿ ಗ್ರಂಥಾಲಯದಲ್ಲಿ ಕೂತು ಡಿರಾಕ್ ಅವರ ಲೇಖನಗಳನ್ನು ಓದುತ್ತಿದ್ದ. ಅಂಕಗಳು ಇಳಿದವು. 1935ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಇಸಿಡೋರ್ ರಾಬಿ ತಮ್ಮ ಕೋಣೆಯಲ್ಲಿ ಸಹೋದ್ಯೋಗಿಯೊಬ್ಬರೊಡನೆ ಐನ್‌ಸ್ಟೈನ್ ಅವರ ಹೊಸ ಪ್ರಬಂಧವೊಂದರ ಬಗ್ಗೆ ಚರ್ಚಿಸುತ್ತ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದರು. ಮೂಲೆಯಲ್ಲಿ ಕೂತಿದ್ದ ಹುಡುಗ ಮೆಲುದನಿಯಲ್ಲಿ ಗಣಿತದ ಒಂದು ಪ್ರಮೇಯವನ್ನು ನೆನಪಿಸಿದ. ಚರ್ಚೆ ಅಲ್ಲಿಗೆ ಬಗೆಹರಿಯಿತು. ರಾಬಿ ಆ ಹುಡುಗ ಯಾರೆಂದು ವಿಚಾರಿಸಿ, ಅವನ ಅಂಕಪಟ್ಟಿ ನೋಡಿ ಬೆಚ್ಚಿದರೂ, ಹಟ ಹಿಡಿದು ಕೊಲಂಬಿಯಾಕ್ಕೆ ಸೇರಿಸಿಕೊಂಡರು. 1936ರಲ್ಲಿ ಪದವಿ, 1939ರಲ್ಲಿ, 21ನೆಯ ವಯಸ್ಸಿನಲ್ಲಿ, ಡಾಕ್ಟರೇಟ್.

ಅಲ್ಲಿಂದ ಬರ್ಕ್ಲಿಗೆ ಹೋಗಿ ಓಪನ್‌ಹೈಮರ್ ಜೊತೆ ಕೆಲಸ, ನಂತರ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪಾಠ. ಎರಡನೆಯ ಮಹಾಯುದ್ಧದಲ್ಲಿ ಹಲವು ಭೌತವಿಜ್ಞಾನಿಗಳು ಅಣುಬಾಂಬಿನ ಕೆಲಸಕ್ಕೆ ಲಾಸ್ ಅಲಮೋಸ್‌ಗೆ ಹೋದರೆ, ಶ್ವಿಂಗರ್ ಎಂಐಟಿಯ ರೇಡಾರ್ ಪ್ರಯೋಗಾಲಯ ಸೇರಿದರು. ಅವರದು ರಾತ್ರಿ ಪಾಳಿ. ಎಲ್ಲರೂ ಮನೆಗೆ ಹೊರಡುವ ಹೊತ್ತಿಗೆ ಇವರು ಬರುತ್ತಿದ್ದರು. ಸಂಜೆ ಕಪ್ಪುಹಲಗೆಯ ಮೇಲೆ ಬಿಟ್ಟುಹೋದ ಲೆಕ್ಕಕ್ಕೆ ಬೆಳಿಗ್ಗೆ ಉತ್ತರ ಬರೆದಿರುತ್ತಿತ್ತು ಎಂದು ಸಹೋದ್ಯೋಗಿಗಳು ನೆನೆಸಿಕೊಳ್ಳುತ್ತಿದ್ದರು.

ಆ ಕೆಲಸದಿಂದ ಅವರು ಒಂದು ಅಭ್ಯಾಸ ಕಲಿತರು. ರೇಡಾರ್‌ನ ಕೊಳವೆಗಳ ಒಳಗೆ ಏನೇನು ನಡೆಯುತ್ತದೆ ಎಂಬ ಪೂರ್ತಿ ವಿವರ ಎಂಜಿನಿಯರ್‌ಗೆ ಬೇಡ. ಈ ತುದಿಯಲ್ಲಿ ಏನು ಹಾಕಿದರೆ ಆ ತುದಿಯಲ್ಲಿ ಏನು ಬರುತ್ತದೆ ಎಂಬುದು ಗೊತ್ತಾದರೆ ಸಾಕು. ಅಳೆಯಲು ಸಾಧ್ಯವಾದುದರ ಮೇಲೆ ಕಣ್ಣಿಡುವ ಈ ಅಭ್ಯಾಸ ಮುಂದೆ ಅವರ ಅತಿ ದೊಡ್ಡ ಲೆಕ್ಕದಲ್ಲಿ ಕೆಲಸಕ್ಕೆ ಬಂತು.

ಬುಗುರಿಯೂ 2 ಎಂಬ ಸಂಖ್ಯೆಯೂ

ಆ ಲೆಕ್ಕ ಏನೆಂದು ತಿಳಿಯಲು ಬುಗುರಿಯನ್ನು ನೆನೆಸಿಕೊಳ್ಳಿ. ಆಡಿಸಿ ಬಿಟ್ಟ ಬುಗುರಿ ತನ್ನ ಸುತ್ತ ತಿರುಗುತ್ತಲೇ ನಿಧಾನವಾಗಿ ಓಲಾಡುತ್ತದೆ. ಎಲೆಕ್ಟ್ರಾನ್ ಕೂಡ ಒಂದು ಬಗೆಯ ಬುಗುರಿ, ಜೊತೆಗೆ ಪುಟ್ಟ ಅಯಸ್ಕಾಂತ. ಅದನ್ನು ದೊಡ್ಡ ಅಯಸ್ಕಾಂತದ ನಡುವೆ ಇಟ್ಟರೆ ಓಲಾಡುತ್ತದೆ. ಎಷ್ಟು ವೇಗವಾಗಿ ಓಲಾಡುತ್ತದೆ ಎಂಬುದು ಅದರ ಸ್ವಂತ ಕಾಂತಬಲದ ಮೇಲೆ, ಅಂದರೆ ವಿಜ್ಞಾನಿಗಳು ಮ್ಯಾಗ್ನೆಟಿಕ್ ಮೊಮೆಂಟ್ ಎಂದು ಕರೆಯುವ ಗುಣದ ಮೇಲೆ ನಿಂತಿದೆ. ಅದನ್ನು ಸೂಚಿಸುವ ಸಂಖ್ಯೆಗೆ ಜಿ ಎಂದು ಹೆಸರು. 1928ರಲ್ಲಿ ಪಾಲ್ ಡಿರಾಕ್ ಬರೆದ ಸಮೀಕರಣದ ಪ್ರಕಾರ ಜಿ ಬೆಲೆ ಸರಿಯಾಗಿ 2.

1947ರ ಜೂನ್ 2ರಿಂದ 4ರವರೆಗೆ ನ್ಯೂಯಾರ್ಕ್ ಬಳಿಯ ಶೆಲ್ಟರ್ ಐಲೆಂಡ್ ಎಂಬ ದ್ವೀಪದ ಹೋಟೆಲೊಂದರಲ್ಲಿ ಸುಮಾರು 25 ಮಂದಿ ಭೌತವಿಜ್ಞಾನಿಗಳು ಸೇರಿದರು. ಅಲ್ಲಿ ಎರಡು ಸುದ್ದಿಗಳು ಬಂದವು. ಹೈಡ್ರೋಜನ್ ಪರಮಾಣುವಿನ ಶಕ್ತಿ ಮಟ್ಟಗಳು ಡಿರಾಕ್ ಹೇಳಿದ ಜಾಗದಿಂದ ಕೊಂಚ ಸರಿದಿವೆ ಎಂದು ವಿಲಿಸ್ ಲ್ಯಾಂಬ್ ತೋರಿಸಿದರು. ಹೈಡ್ರೋಜನ್‌ನ ಇನ್ನೊಂದು ಅಳತೆಯೂ ಕೊಂಚ ಹೆಚ್ಚು ಬರುತ್ತಿದೆ ಎಂದು ರಾಬಿ ಹೇಳಿದರು. ಈ ಎರಡನೆಯದಕ್ಕೆ ಕಾರಣ ಎಲೆಕ್ಟ್ರಾನಿನ ಕಾಂತಬಲವೇ ಸ್ವಲ್ಪ ಹೆಚ್ಚಿರುವುದು ಇರಬಹುದೆಂಬ ಊಹೆ ಹುಟ್ಟಿತು. ಅಂದರೆ ಜಿ ಸರಿಯಾಗಿ 2 ಅಲ್ಲ, ಅದಕ್ಕಿಂತ ಕೂದಲೆಳೆಯಷ್ಟು ಜಾಸ್ತಿ.

29 ವರ್ಷದ ಶ್ವಿಂಗರ್ ಆ ಸಭೆಯಲ್ಲಿದ್ದರು. ಆದರೆ ತಕ್ಷಣ ಲೆಕ್ಕಕ್ಕೆ ಕೂರಲಿಲ್ಲ. ಅದೇ ಜೂನ್ 8ರಂದು ಅವರ ಮದುವೆ, ಕ್ಲಾರಿಸ್ ಕ್ಯಾರಲ್ ಜೊತೆ. ಬೇಸಿಗೆಯೆಲ್ಲ ನವದಂಪತಿ ದೇಶ ಸುತ್ತಿದರು. ಸೆಪ್ಟೆಂಬರ್‌ನಲ್ಲಿ ಹಾರ್ವರ್ಡ್‌ಗೆ ಮರಳಿದ ಮೇಲೆ ಕಾಗದ ಕೈಗೆತ್ತಿಕೊಂಡರು.

ಡಬ್ಬದ ತೂಕ ಕಳೆಯುವ ಲೆಕ್ಕ

ತೊಂದರೆ ಏನಿತ್ತು? ಕ್ವಾಂಟಂ ಸಿದ್ಧಾಂತದ ಪ್ರಕಾರ ಖಾಲಿ ಜಾಗ ಪೂರ್ತಿ ಖಾಲಿಯಲ್ಲ. ಎಲೆಕ್ಟ್ರಾನ್ ಸುಮ್ಮನಿದ್ದಾಗಲೂ ಬೆಳಕಿನ ಕಣವೊಂದನ್ನು ಹೊರಬಿಟ್ಟು ಮತ್ತೆ ನುಂಗುತ್ತಿರುತ್ತದೆ. ಈ ಕೊಡುಕೊಳ್ಳುವಿಕೆಯಿಂದ ಅದರ ಗುಣ ಕೊಂಚ ಬದಲಾಗಬೇಕು. ಎಷ್ಟು ಬದಲಾಗುತ್ತದೆ ಎಂದು ಲೆಕ್ಕ ಹಾಕಲು ಹೊರಟರೆ ಉತ್ತರ ಅನಂತ ಎಂದು ಬರುತ್ತಿತ್ತು. ಅನಂತ ಎಂಬ ಉತ್ತರದಿಂದ ಯಾರಿಗೂ ಉಪಯೋಗವಿಲ್ಲ. 1930ರ ದಶಕದಲ್ಲಿ ಅನೇಕರು ಇದೇ ಕಾರಣಕ್ಕೆ ಸಿದ್ಧಾಂತವೇ ತಪ್ಪಿರಬೇಕು, ಪೂರ್ತಿ ಹೊಸದೇ ಬೇಕು ಎಂದುಕೊಂಡಿದ್ದರು.

ಶ್ವಿಂಗರ್ ದಾರಿ ಬೇರೆ. ಅಂಗಡಿಯಲ್ಲಿ ಎಣ್ಣೆ ತೂಗುವಾಗ ಡಬ್ಬದ ತೂಕ ಕಳೆಯುತ್ತೇವಲ್ಲ, ಆ ಬಗೆಯ ಯೋಚನೆ. ಆದರೆ ಇಲ್ಲಿ ಒಂದು ತಿರುವಿದೆ: ಎಲೆಕ್ಟ್ರಾನ್ ವಿಷಯದಲ್ಲಿ ಡಬ್ಬವಿಲ್ಲದ ಎಣ್ಣೆಯನ್ನು ಯಾರೂ ಎಂದೂ ತೂಗಿಲ್ಲ, ತೂಗಲು ಆಗುವುದೂ ಇಲ್ಲ. ಪ್ರಯೋಗದಲ್ಲಿ ಸಿಗುವುದು ಯಾವಾಗಲೂ ಬೆಳಕಿನ ಮೋಡ ಹೊದ್ದ ಎಲೆಕ್ಟ್ರಾನೇ. ನಾವು ಅಳೆದ ಅದರ ದ್ರವ್ಯರಾಶಿ ಮತ್ತು ವಿದ್ಯುದಂಶದಲ್ಲಿ ಮೋಡದ ಪಾಲೂ ಆಗಲೇ ಸೇರಿದೆ. ಹಾಗಾದರೆ ಕಾಣದ ಬೆತ್ತಲೆ ಎಲೆಕ್ಟ್ರಾನಿನ ಗೊಡವೆ ಬಿಟ್ಟು, ಇಡೀ ಲೆಕ್ಕವನ್ನು ಅಳೆದ ಬೆಲೆಗಳಲ್ಲೇ ಬರೆದರೆ? ಹಾಗೆ ಬರೆದಾಗ ಅನಂತಗಳು ಆ ಅಳೆದ ಬೆಲೆಗಳೊಳಗೇ ಸೇರಿಹೋದವು. ಉಳಿದದ್ದು ಒಂದು ಪುಟ್ಟ, ಸ್ಪಷ್ಟ ಸಂಖ್ಯೆ.

ಅದನ್ನು ನೀವೇ ನಿಮ್ಮ ಮೊಬೈಲಿನಲ್ಲಿ ನೋಡಬಹುದು. ಕ್ಯಾಲ್ಕುಲೇಟರ್ ತೆರೆದು 1ನ್ನು 137.036ರಿಂದ ಭಾಗಿಸಿ. ಇದೇ ಆಲ್ಫಾ, ವಿದ್ಯುತ್ ಮತ್ತು ಕಾಂತ ಬಲ ಎಷ್ಟು ಪ್ರಬಲ ಎಂದು ಹೇಳುವ ಸಂಖ್ಯೆ. ಬಂದ ಉತ್ತರವನ್ನು 6.2832ರಿಂದ, ಅಂದರೆ 2 ಪೈಯಿಂದ ಭಾಗಿಸಿ. ಸುಮಾರು 0.00116 ಬರುತ್ತದೆ. ಎಲೆಕ್ಟ್ರಾನಿನ ಕಾಂತಬಲ ಡಿರಾಕ್ ಹೇಳಿದ್ದಕ್ಕಿಂತ ಇಷ್ಟು ಪಾಲು ಹೆಚ್ಚಿರಬೇಕು ಎಂದು ಶ್ವಿಂಗರ್ 1947ರ ಡಿಸೆಂಬರ್ ಕೊನೆಯಲ್ಲಿ ಫಿಸಿಕಲ್ ರಿವ್ಯೂ ಪತ್ರಿಕೆಗೆ ಒಂದು ಚಿಕ್ಕ ಟಿಪ್ಪಣಿ ಕಳಿಸಿದರು. 1948ರಲ್ಲಿ ಕೊಲಂಬಿಯಾದ ಪಾಲಿಕಾರ್ಪ್ ಕುಶ್ ಮತ್ತು ಹೆನ್ರಿ ಫೋಲಿ ಅಳೆದು ಪ್ರಕಟಿಸಿದ ಬೆಲೆ 0.00119, ಅದರಲ್ಲಿ 0.00005ರಷ್ಟು ಆಚೀಚೆ ಆಗಬಹುದು. ಲೆಕ್ಕವೂ ಅಳತೆಯೂ ಕೂಡಿಬಂದವು.

ಇಲ್ಲಿ ಒಂದು ಮಾತು ಗಮನಿಸಿ. ಡಿರಾಕ್ ಸಮೀಕರಣಕ್ಕೂ ಅಳತೆಗೂ ನಡುವೆ ವ್ಯತ್ಯಾಸ ಕಂಡಾಗ ಆ ಸಮೀಕರಣವನ್ನು ಯಾರೂ ಕಸದ ಬುಟ್ಟಿಗೆ ಹಾಕಬೇಕಾಗಲಿಲ್ಲ. ಗೊತ್ತಿದ್ದ ಸಿದ್ಧಾಂತವನ್ನೇ ಇನ್ನೊಂದು ಹೆಜ್ಜೆ ಮುಂದೆ ಲೆಕ್ಕ ಹಾಕಿದ್ದಕ್ಕೆ ಉತ್ತರ ಸಿಕ್ಕಿತು.

ಖ್ಯಾತಿಯೂ ಶಿಷ್ಯರೂ

1948ರ ಜನವರಿಯಲ್ಲಿ ನ್ಯೂಯಾರ್ಕ್‌ನ ಸಮ್ಮೇಳನದಲ್ಲಿ ಶ್ವಿಂಗರ್ ಈ ಕೆಲಸದ ಬಗ್ಗೆ ಮಾತನಾಡಿದಾಗ ಜನ ತುಂಬಿ, ಅದೇ ಉಪನ್ಯಾಸವನ್ನು ಮತ್ತೊಮ್ಮೆ ಕೊಡಬೇಕಾಯಿತು. ಕೆಲವೇ ತಿಂಗಳಲ್ಲಿ, ಅದೇ ವರ್ಷ ಅದೇ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ರಿಚರ್ಡ್ ಫೈನ್‌ಮನ್ ಬೇರೊಂದು ದಾರಿಯಲ್ಲಿ, ಗೀಟು ಎಳೆದು ಬಿಡಿಸಿದ ಚಿತ್ರಗಳ ಮೂಲಕ, ಇಂಥದೇ ಲೆಕ್ಕ ಮಾಡಿ ತೋರಿಸಿದರು. ಯುದ್ಧದಲ್ಲಿ ನಲುಗಿದ ಜಪಾನ್‌ನಲ್ಲಿ ಸಿನ್-ಇಟಿರೊ ತೊಮೊನಾಗಾ ಇದಕ್ಕೂ ಮೊದಲೇ ಶ್ವಿಂಗರ್ ವಿಧಾನವನ್ನೇ ಹೋಲುವ ದಾರಿ ಕಂಡುಕೊಂಡಿದ್ದರೆಂದು ಆಮೇಲೆ ಅಮೆರಿಕಕ್ಕೆ ತಿಳಿಯಿತು. ಇವೆಲ್ಲ ಒಂದೇ ಸಿದ್ಧಾಂತದ ಬೇರೆ ಬೇರೆ ರೂಪ ಎಂದು ಫ್ರೀಮನ್ ಡೈಸನ್ ತೋರಿಸಿಕೊಟ್ಟರು. 1965ರ ನೊಬೆಲ್ ತೊಮೊನಾಗಾ, ಶ್ವಿಂಗರ್, ಫೈನ್‌ಮನ್ ಮೂವರಿಗೂ ಸಂದಿತು.

ಫೈನ್‌ಮನ್ ಅವರ ಚಿತ್ರಗಳು ಸುಲಭವಾದ್ದರಿಂದ ಎಲ್ಲೆಡೆ ಹರಡಿದವು. ಶ್ವಿಂಗರ್ ಅವರ ಗಣಿತ ಸೊಗಸಾಗಿದ್ದರೂ ಕಠಿಣ. ಜನಸಾಮಾನ್ಯರಲ್ಲಿ ಹೆಸರು ಉಳಿದದ್ದು ಫೈನ್‌ಮನ್‌ರದು. ಆದರೆ ಗುರುವಾಗಿ ಶ್ವಿಂಗರ್ ಅವರಿಗೆ ಸಾಟಿಯಾಗುವವರು ಕಡಿಮೆ. ಅವರ ಕೈಕೆಳಗೆ 70ಕ್ಕೂ ಹೆಚ್ಚು ಮಂದಿ ಡಾಕ್ಟರೇಟ್ ಪಡೆದರು. ಅವರಲ್ಲಿ ಬೆನ್ ಮೊಟ್ಟೆಲ್ಸನ್, ಶೆಲ್ಡನ್ ಗ್ಲಾಶೊ, ವಾಲ್ಟರ್ ಕೋನ್, ರಾಯ್ ಗ್ಲೌಬರ್ ಈ ನಾಲ್ವರಿಗೆ ಮುಂದೆ ನೊಬೆಲ್ ಬಂತು.

ಇನ್ನೊಬ್ಬ ಶಿಷ್ಯ ಚಾರ್ಲ್ಸ್ ಸಾಮರ್‌ಫೀಲ್ಡ್ ಅವರ ಕೆಲಸ ನಮ್ಮ ಕಥೆಗೆ ಮುಖ್ಯ. ಶ್ವಿಂಗರ್ ಸೂತ್ರ ಮೊದಲ ಹೆಜ್ಜೆ ಮಾತ್ರ. ಎರಡನೆಯ ಹೆಜ್ಜೆಯ ಲೆಕ್ಕ 1950ರಲ್ಲಿ ಪ್ರಕಟವಾಗಿತ್ತು. ಏಳು ವರ್ಷ ಎಲ್ಲರೂ ಅದನ್ನೇ ಬಳಸಿದರು. 1957ರಲ್ಲಿ ಸಾಮರ್‌ಫೀಲ್ಡ್ ಹಾರ್ವರ್ಡ್‌ನಲ್ಲಿ, ಆಂದ್ರೆ ಪೀಟರ್‌ಮನ್ ಯುರೋಪಿನಲ್ಲಿ ಬೇರೆ ಬೇರೆಯಾಗಿ ಲೆಕ್ಕ ಹಾಕಿ ನೋಡಿದಾಗ ಹಳೆಯ ಉತ್ತರದಲ್ಲಿ ತಪ್ಪಿರುವುದು ಗೊತ್ತಾಯಿತು. ಕೂಡುವುದರಲ್ಲಿ ತಪ್ಪಿದರೆ ಪ್ರಕೃತಿಯೇ ತಪ್ಪಿದಂತೆ ಕಾಣುತ್ತದೆ. ಈ ಪಾಠ ಮ್ಯೂಯಾನಿನ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ.

ನಿಮ್ಮ ಮೊಬೈಲನ್ನು ಹಾದುಹೋಗುವ ಮ್ಯೂಯಾನ್

ಮ್ಯೂಯಾನ್ ಎಂದರೆ ಎಲೆಕ್ಟ್ರಾನಿನ ದಪ್ಪ ಅಣ್ಣ ಎನ್ನಬಹುದು. ಗುಣವೆಲ್ಲ ಅದರದೇ, ಭಾರ ಮಾತ್ರ ಸುಮಾರು 207 ಪಟ್ಟು. ಆಯುಸ್ಸು ಸೆಕೆಂಡಿನ ಹತ್ತು ಲಕ್ಷದ 2.2 ಭಾಗ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ನಮ್ಮ ವಾತಾವರಣಕ್ಕೆ ಬಡಿದಾಗ ಮ್ಯೂಯಾನ್‌ಗಳು ಹುಟ್ಟಿ ಕೆಳಗೆ ಸುರಿಯುತ್ತವೆ. ಮೇಜಿನ ಮೇಲೆ ಮಲಗಿಸಿಟ್ಟ ಮೊಬೈಲನ್ನು ನಿಮಿಷಕ್ಕೆ ಸುಮಾರು ನೂರು ಮ್ಯೂಯಾನ್‌ಗಳು ತೂರಿಹೋಗುತ್ತವೆ. ಮೊಬೈಲಿಗೂ ನಿಮಗೂ ಏನೂ ಆಗುವುದಿಲ್ಲ. ಅವು ಯಾವಾಗಲೂ ಇದ್ದವೇ.

ಕರ್ನಾಟಕಕ್ಕೂ ಮ್ಯೂಯಾನ್ ಹೊಸದಲ್ಲ. 1950ರ ದಶಕದಿಂದ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಕೋಲಾರದ ಚಿನ್ನದ ಗಣಿಗಳ ಆಳಕ್ಕಿಳಿದು ಎಷ್ಟು ಮ್ಯೂಯಾನ್‌ಗಳು ಅಲ್ಲಿಯವರೆಗೆ ತಲುಪುತ್ತವೆ ಎಂದು ಎಣಿಸಿದರು. ಶ್ವಿಂಗರ್‌ಗೆ ನೊಬೆಲ್ ಬಂದ 1965ರಲ್ಲೇ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಗುರುತು ಕೋಲಾರದ ಗಣಿಯಲ್ಲಿ ಸಿಕ್ಕಿತು. ಆ ಗುರುತು ಕೊಟ್ಟದ್ದೂ ಮ್ಯೂಯಾನ್‌ಗಳೇ.

ಶ್ವಿಂಗರ್ ಸೂತ್ರದ ಒಂದು ಚೆಲುವೆಂದರೆ ಅದರಲ್ಲಿ ಕಣದ ಭಾರದ ಮಾತೇ ಇಲ್ಲ. ಹಾಗಾಗಿ ಎಲೆಕ್ಟ್ರಾನಿಗೆ ಹಾಕಿದ ಲೆಕ್ಕ ಮ್ಯೂಯಾನಿಗೂ ಸಲ್ಲಬೇಕು. 1962ರಲ್ಲಿ ಯುರೋಪಿನ ಸರ್ನ್ ಪ್ರಯೋಗಾಲಯ ಮ್ಯೂಯಾನಿನ ಹೆಚ್ಚುವರಿ ಕಾಂತಬಲ ಅಳೆದಾಗ ಸಿಕ್ಕಿದ್ದು 0.001162. ಅದೇ ಸಂಖ್ಯೆ.

ಆದರೆ ಮುಂದಿನ ಅಂಕಿಗಳಲ್ಲಿ ಇಬ್ಬರಿಗೂ ವ್ಯತ್ಯಾಸ ಬರುತ್ತದೆ. ಖಾಲಿ ಜಾಗದಲ್ಲಿ ಕ್ಷಣಕಾಲ ಮೂಡಿ ಮರೆಯಾಗುವ ಭಾರದ ಕಣಗಳು ಎಲೆಕ್ಟ್ರಾನನ್ನು ಅಷ್ಟಾಗಿ ತಾಕುವುದಿಲ್ಲ, ಮ್ಯೂಯಾನನ್ನು ಹೆಚ್ಚು ತಾಕುತ್ತವೆ. 207ನ್ನು 207ರಿಂದ ಗುಣಿಸಿ, ಸುಮಾರು 43,000 ಪಟ್ಟು ಹೆಚ್ಚು. ನಮಗಿನ್ನೂ ಗೊತ್ತಿಲ್ಲದ ಕಣ ಯಾವುದಾದರೂ ಇದ್ದರೆ ಅದರ ಸುಳಿವು ಮ್ಯೂಯಾನಿನ ಓಲಾಟದಲ್ಲಿ ಕಾಣಬಹುದು ಎಂಬ ಆಸೆ ಹುಟ್ಟಿದ್ದು ಇದರಿಂದ.

ದೊಡ್ಡ ಹೆಸರೂ ಎಡವಿದ್ದು

1960ರ ದಶಕದ ನಡುವಿನಿಂದ ಶ್ವಿಂಗರ್ ಸೋರ್ಸ್ ಥಿಯರಿ ಎಂಬ ತಮ್ಮದೇ ದಾರಿ ಹಿಡಿದರು. ನಿಲುಕದ ಆಳದಲ್ಲಿ ಏನಿದೆ ಎಂದು ಮೊದಲೇ ಊಹಿಸದೆ, ಪ್ರಯೋಗಕ್ಕೆ ಸಿಗುವುದರಿಂದ ಶುರುಮಾಡಿ ಹೆಜ್ಜೆ ಹೆಜ್ಜೆಯಾಗಿ ಮೇಲೇರಬೇಕೆಂಬುದು ಅದರ ತಿರುಳು. ಉಳಿದವರು ಅದನ್ನು ಅಷ್ಟಾಗಿ ಒಪ್ಪಲಿಲ್ಲ. 1970ರ ದಶಕದ ಆರಂಭದಲ್ಲಿ ಹಾರ್ವರ್ಡ್ ಬಿಟ್ಟು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ವೃತ್ತಿಯ ಮುಖ್ಯ ಪ್ರವಾಹದಿಂದ ದೂರವಾಗುತ್ತ ಬಂದರು.

1989ರ ಮಾರ್ಚ್ 23ರಂದು ಯೂಟಾ ವಿಶ್ವವಿದ್ಯಾಲಯದಲ್ಲಿ ಇಬ್ಬರು ರಸಾಯನಶಾಸ್ತ್ರಜ್ಞರು ಪತ್ರಕರ್ತರನ್ನು ಕರೆದು, ಸೂರ್ಯನೊಳಗೆ ನಡೆಯುವ ಪರಮಾಣು ಸಮ್ಮಿಲನವನ್ನು ಮೇಜಿನ ಮೇಲಿನ ಗಾಜಿನ ಪಾತ್ರೆಯಲ್ಲೇ ಮಾಡಿದ್ದೇವೆ ಎಂದು ಘೋಷಿಸಿದರು. ಕೋಲ್ಡ್ ಫ್ಯೂಷನ್ ಎಂಬ ಈ ಸುದ್ದಿ ಲೋಕವನ್ನೇ ಅಲ್ಲಾಡಿಸಿತು. ನಾನಾ ದೇಶಗಳ ಪ್ರಯೋಗಾಲಯಗಳು ಪ್ರಯತ್ನಿಸಿದರೂ ಆ ಫಲಿತಾಂಶ ಭರವಸೆ ಇಡುವಂತೆ ಮರುಕಳಿಸಲಿಲ್ಲ. ಆದರೆ ಶ್ವಿಂಗರ್ ಅದರಲ್ಲಿ ಏನೋ ಇದೆಯೆಂದು ನಂಬಿದರು, ಅದಕ್ಕೆ ಸೈದ್ಧಾಂತಿಕ ವಿವರಣೆ ಬರೆದರು. ತಮ್ಮ ಹೆಸರು ಬೆಳಗಿಸಿದ್ದ ಅಮೆರಿಕನ್ ಫಿಸಿಕಲ್ ಸೊಸೈಟಿಯ ಪತ್ರಿಕಾ ಬಳಗವೇ ಅವರ ಲೇಖನವನ್ನು ತಿರಸ್ಕರಿಸಿತು. ನೊಂದ ಶ್ವಿಂಗರ್ ಆ ಸೊಸೈಟಿಗೆ ರಾಜೀನಾಮೆ ಕೊಟ್ಟರು.

ಇದನ್ನು ಅವರನ್ನು ಸಣ್ಣವರಾಗಿಸಲು ಹೇಳುತ್ತಿಲ್ಲ. ಹೊಸ ವಿಚಾರವನ್ನು ಓದದೆ ತಳ್ಳಿಹಾಕಬಾರದು ಎಂಬ ಅವರ ಕಳಕಳಿಯಲ್ಲಿ ಹುರುಳಿತ್ತು. ಆದರೆ 1948ರಲ್ಲಿ ಅವರನ್ನು ಗೆಲ್ಲಿಸಿದ್ದು ಹೆಸರಲ್ಲ, ಬೇರೆಯವರು ತೆಗೆದ ಅಳತೆ. ಕೋಲ್ಡ್ ಫ್ಯೂಷನ್‌ಗೆ ಅಂಥ ಅಳತೆ ಸಿಗಲಿಲ್ಲ. ನೊಬೆಲ್ ಪಡೆದವರು ಹೇಳಿದ್ದಾರೆ ಎಂಬುದಷ್ಟರಿಂದಲೇ ಒಂದು ಮಾತು ನಿಜವಾಗದು ಎಂಬುದಕ್ಕೆ ಅವರ ಬದುಕೇ ಸಾಕ್ಷಿ.

1994ರ ಜುಲೈ 16ರಂದು, ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ, 76ನೆಯ ವಯಸ್ಸಿನಲ್ಲಿ ಶ್ವಿಂಗರ್ ತೀರಿಕೊಂಡರು. ಗೋರಿಯ ಮೇಲೆ ಕೆತ್ತಿಸಲು ಆಯ್ದದ್ದು ಅಳತೆಗೆ ಒಪ್ಪಿದ ಆ ಸೂತ್ರವನ್ನು.

ಅವರ ನಂತರ: ಕಂಡು ಕರಗಿದ ವ್ಯತ್ಯಾಸ

2001ರಲ್ಲಿ ನ್ಯೂಯಾರ್ಕ್ ಬಳಿಯ ಬ್ರೂಕ್‌ಹೇವನ್ ಪ್ರಯೋಗಾಲಯ ಮ್ಯೂಯಾನ್ ಲೆಕ್ಕಕ್ಕೆ ಸರಿಹೊಂದುತ್ತಿಲ್ಲ ಎಂದು ಪ್ರಕಟಿಸಿತು. ಹೊಸ ಕಣಗಳ ಬಗ್ಗೆ ಪ್ರಬಂಧಗಳ ಮಳೆಯೇ ಸುರಿಯಿತು. ಅಷ್ಟರಲ್ಲಿ ಲೆಕ್ಕದ ಒಂದು ಪುಟ್ಟ ಭಾಗದಲ್ಲಿ ಪ್ಲಸ್ ಇರಬೇಕಾದ ಕಡೆ ಮೈನಸ್ ಬಿದ್ದಿರುವುದು ಪತ್ತೆಯಾಯಿತು. ಅದನ್ನು ಸರಿಪಡಿಸಿದಾಗ ವ್ಯತ್ಯಾಸ ಬಹಳ ತಗ್ಗಿತು. ನಂತರ ಅಳತೆ ಇನ್ನಷ್ಟು ನಿಖರವಾದಂತೆ ಮತ್ತೆ ಕಾಣಿಸಿಕೊಂಡಿತು.

ಖಚಿತಪಡಿಸಿಕೊಳ್ಳಲು ಬ್ರೂಕ್‌ಹೇವನ್‌ನ ಸುಮಾರು 15 ಮೀಟರ್ ಅಗಲದ ಅಯಸ್ಕಾಂತದ ಉಂಗುರವನ್ನು 2013ರಲ್ಲಿ ದೋಣಿ ಮತ್ತು ಲಾರಿಯಲ್ಲಿ ಸುಮಾರು 5,000 ಕಿಲೋಮೀಟರ್ ಸಾಗಿಸಿ ಷಿಕಾಗೊ ಬಳಿಯ ಫರ್ಮಿಲ್ಯಾಬ್‌ಗೆ ತಂದರು. 2021ರ ಏಪ್ರಿಲ್ 7ರಂದು ಅಲ್ಲಿನ ಮೊದಲ ಫಲಿತಾಂಶ ಬಂತು. ಹಳೆಯ ಅಳತೆ ಸರಿಯಾಗಿಯೇ ಇತ್ತು. ಲೆಕ್ಕಕ್ಕೂ ಅಳತೆಗೂ ವ್ಯತ್ಯಾಸ ಬಿಂದುವಿನ ನಂತರದ ಒಂಬತ್ತನೆಯ ಅಂಕಿಯಲ್ಲಿತ್ತು. ಸಂದೇಶಗಳು ಹುಟ್ಟಿದ್ದು ಇದರ ಸುತ್ತ.

ಆದರೆ ಅದೇ ದಿನ ಇನ್ನೊಂದು ಪ್ರಬಂಧವೂ ಪ್ರಕಟವಾಯಿತು. ಸೂಪರ್ ಕಂಪ್ಯೂಟರ್‌ಗಳಲ್ಲಿ ಲೆಕ್ಕದ ಅತಿ ಕಷ್ಟದ ಭಾಗವನ್ನು, ಅಂದರೆ ಕ್ವಾರ್ಕ್‌ಗಳಿಂದಾದ ಕಣಗಳ ಪಾಲನ್ನು, ನೇರವಾಗಿ ಎಣಿಸಿದ ತಂಡವೊಂದು ವ್ಯತ್ಯಾಸ ಬಹಳ ಕಡಿಮೆ ಎಂದು ತೋರಿಸಿತು. ಈ ಸುದ್ದಿ ಅಷ್ಟು ಫಾರ್ವರ್ಡ್ ಆಗಲಿಲ್ಲ. ನಾಲ್ಕು ವರ್ಷಗಳಲ್ಲಿ ಬೇರೆ ತಂಡಗಳೂ ಅದೇ ದಿಕ್ಕಿಗೆ ಬಂದವು.

2025ರ ಜೂನ್ 3ರಂದು ಫರ್ಮಿಲ್ಯಾಬ್ ತನ್ನ ಕೊನೆಯ ಫಲಿತಾಂಶ ಕೊಟ್ಟಿತು: 0.001165920705. ಸಿದ್ಧಾಂತಿಗಳ ಕೂಟ ಅದೇ ವರ್ಷ ಪರಿಷ್ಕರಿಸಿ ಕೊಟ್ಟ ಲೆಕ್ಕ: 0.00116592033. ಲೆಕ್ಕದಲ್ಲಿ ಇರಬಹುದಾದ ಏರುಪೇರನ್ನು ಗಮನಿಸಿದರೆ ಎರಡೂ ಹೊಂದುತ್ತವೆ. ಎರಡು ಸಂಖ್ಯೆಗಳ ಮೊದಲ ಅಂಕಿಗಳನ್ನು ನೋಡಿ. 0.00116. ಗೋರಿಕಲ್ಲಿನ ಸಂಖ್ಯೆ ಅಲ್ಲೇ ಇದೆ.

ಸ್ಟ್ರಿಂಗ್ ಥಿಯರಿ ಎಲ್ಲಿ ಬರುತ್ತದೆ?

ಮನೆಯಲ್ಲಿ ಪಾತ್ರೆಯ ಹಾಲು ಕಡಿಮೆಯಾಗಿದೆ ಎನ್ನಿ. ಬೆಕ್ಕು ಕುಡಿದಿರಬಹುದು, ಪಾತ್ರೆ ಸೋರಿರಬಹುದು, ಅಳೆದು ಹಾಕಿದವರೇ ತಪ್ಪಿರಬಹುದು. ಹಾಲು ಕಡಿಮೆಯಾದದ್ದೇ ಬೆಕ್ಕಿಗೆ ಸಾಕ್ಷಿಯಾಗದು. ಮ್ಯೂಯಾನಿನ ವ್ಯತ್ಯಾಸವೂ ಹಾಗೆ.

ಸ್ಟ್ರಿಂಗ್ ಥಿಯರಿಯ ಪ್ರಕಾರ ಎಲ್ಲ ಕಣಗಳೂ ಊಹೆಗೂ ನಿಲುಕದಷ್ಟು ಚಿಕ್ಕ ತಂತಿಗಳ ಬಗೆಬಗೆಯ ಕಂಪನ. ಆ ತಂತಿಗಳು ಮ್ಯೂಯಾನನ್ನು ನೇರವಾಗಿ ಎಷ್ಟು ಅಲ್ಲಾಡಿಸಬಲ್ಲವು? ಇಲ್ಲಿ ಒಂದು ಸರಳ ನಿಯಮವಿದೆ. ಹೊಸ ಕಣ 10 ಪಟ್ಟು ಭಾರವಾದರೆ ಅದರ ಪರಿಣಾಮ 100 ಪಟ್ಟು ಕುಗ್ಗುತ್ತದೆ. ಸಾಮಾನ್ಯವಾಗಿ ಅಂದಾಜಿಸುವ ತಂತಿಗಳ ಶಕ್ತಿ ಮಟ್ಟದಲ್ಲಿ ಈ ನಿಯಮ ಹಾಕಿದರೆ ಪರಿಣಾಮ ಬಿಂದುವಿನ ನಂತರ 30ಕ್ಕೂ ಹೆಚ್ಚು ಸೊನ್ನೆಗಳಾದ ಮೇಲೆ ಬರುತ್ತದೆ. ಫರ್ಮಿಲ್ಯಾಬ್ ಅಳತೆಯ ದೃಷ್ಟಿ ಸುಮಾರು ಹತ್ತನೆಯ ಅಂಕಿಗೆ ಮುಗಿಯುತ್ತದೆ.

ಸ್ಟ್ರಿಂಗ್ ಥಿಯರಿಯಿಂದ ಕಟ್ಟಿದ ಕೆಲವು ಮಾದರಿಗಳಲ್ಲಿ ಕಡಿಮೆ ಭಾರದ ಹೊಸ ಕಣಗಳೂ ಬರುತ್ತವೆ ಎಂಬುದು ನಿಜ. ಅವು 2021ರ ವ್ಯತ್ಯಾಸವನ್ನು ತುಂಬಬಲ್ಲವು ಎಂದು ತೋರಿಸುವ ಪ್ರಬಂಧಗಳೂ ಬಂದಿವೆ. ಆದರೆ ತುಂಬಬಲ್ಲವು ಎಂಬುದಕ್ಕೂ ತುಂಬಿವೆ ಎಂಬುದಕ್ಕೂ ಅಂತರವಿದೆ. ಆ ಮಾದರಿಗಳಲ್ಲಿ ಕಣಗಳ ಭಾರವನ್ನು ಹೆಚ್ಚುಕಮ್ಮಿ ಮಾಡಿಕೊಳ್ಳಬಹುದು. ಸ್ಟ್ರಿಂಗ್ ಇಲ್ಲದ ಬೇರೆ ಮಾದರಿಗಳೂ ಅದೇ ಕೆಲಸ ಮಾಡಬಲ್ಲವು. ಅಂಥ ಕಣಗಳು ಸರ್ನ್‌ನ ದೊಡ್ಡ ಯಂತ್ರದಲ್ಲಿ ಇಲ್ಲಿಯವರೆಗೆ ಸಿಕ್ಕಿಲ್ಲ. ಮುಖ್ಯವಾಗಿ, ಸ್ಟ್ರಿಂಗ್ ಥಿಯರಿ ಶ್ವಿಂಗರ್ ಸೂತ್ರದಂತೆ ಅಳತೆಗೆ ಮೊದಲೇ ಒಂದು ಖಚಿತ ಸಂಖ್ಯೆಯನ್ನು ಕೊಟ್ಟಿಲ್ಲ.

ಹಾಗೆಂದು ಅದು ನಿರುಪಯೋಗಿಯಲ್ಲ. ಸ್ಟ್ರಿಂಗ್ ಥಿಯರಿಯ ಅಧ್ಯಯನದಿಂದ ಹುಟ್ಟಿದ ಗಣಿತದ ಉಪಾಯಗಳನ್ನು ಮ್ಯೂಯಾನ್ ಲೆಕ್ಕದ ಒಂದು ಸಣ್ಣ ಭಾಗವನ್ನು ಅಂದಾಜಿಸಲು ಬಳಸಿದ್ದಾರೆ. ಉಪಕರಣವಾಗಿ ಅದು ಕೆಲಸಕ್ಕೆ ಬಂದಿದೆ. ಪ್ರಕೃತಿಯ ಕೊನೆಯ ಸತ್ಯವಾಗಿ ಸಾಬೀತಾಗಿಲ್ಲ, ಸುಳ್ಳೆಂದೂ ತೀರ್ಮಾನವಾಗಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

ನಿಜವಾದದ್ದು: ಮ್ಯೂಯಾನಿನ ಓಲಾಟವನ್ನು ಬೆರಗು ಹುಟ್ಟಿಸುವಷ್ಟು ನಿಖರವಾಗಿ ಅಳೆದಿದ್ದಾರೆ.

ಹಳೆಯದಾದದ್ದು: ಅದು ಲೆಕ್ಕಕ್ಕೆ ಹೊಂದುತ್ತಿಲ್ಲ ಎಂಬ ಸುದ್ದಿ. 2025ರ ಲೆಕ್ಕಕ್ಕೆ ಅದು ಹೊಂದುತ್ತದೆ. ಲೆಕ್ಕದ ಎರಡು ವಿಧಾನಗಳ ನಡುವಿನ ತಕರಾರು ಮಾತ್ರ ಇನ್ನೂ ಪೂರ್ತಿ ತೀರಿಲ್ಲ. ಅಳತೆಗೆ ಸರಿಗಟ್ಟುವಷ್ಟು ನಿಖರತೆ ಲೆಕ್ಕಕ್ಕೆ ಇನ್ನೂ ಬಂದಿಲ್ಲ. ಮುಂದೆ ವ್ಯತ್ಯಾಸ ಮತ್ತೆ ತಲೆ ಎತ್ತಿದರೂ ಎತ್ತಬಹುದು.

ತಪ್ಪಾದದ್ದು: ಸ್ಟ್ರಿಂಗ್ ಥಿಯರಿ ಸಾಬೀತಾಯಿತು ಎಂಬುದು.

ಮುಂದಿನ ಸಲ ಇಂಥ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ. ಇದು ಯಾವ ವರ್ಷದ ಸುದ್ದಿ? ಬೇರೆಯವರೂ ಅಳೆದು ನೋಡಿದ್ದಾರೆಯೇ? ಹೊಸ ಸಿದ್ಧಾಂತ ಮೊದಲೇ ಸಂಖ್ಯೆ ಹೇಳಿತ್ತೇ, ಅಥವಾ ಅಳತೆ ಬಂದ ಮೇಲೆ ಹೊಂದಿಸಿಕೊಂಡಿತೇ? ಶ್ವಿಂಗರ್ 1948ರಲ್ಲಿ ಈ ಪರೀಕ್ಷೆಯಲ್ಲಿ ಗೆದ್ದರು, 1989ರ ನಂತರ ಅವರೇ ಸೋತರು. ಕಲ್ಲಿನ ಮೇಲೆ ಉಳಿದದ್ದು ಗೆದ್ದ ಲೆಕ್ಕ.